ಖಾಲಿ ಬಿಟ್ಟ ಗೂಡು

ನಿಮ್ಮ ಅವ್ವನ ಮೊಬೈಲಿನಲ್ಲಿ ನನ್ನ ಅಂಗನವಾಡಿಯ ಫೋಟೋ ನೋಡಿ ನೀವಿಬ್ಬರೂ ಕೇಳಿದಿರಿ: ಎಲ್ಲಾ ಗೋಡೆಗೂ ಏನೇನೋ ಚಿತ್ರ ಹಚ್ಚೀಯಲ್ಲ ಆಯಿ, ಗೋಡೆಯೊಳಗಿನ ಆ ಒಂದು ಗೂಡಿನಲ್ಲಿ ಮಾತ್ರ ಏನೂ ಯಾಕೆ ಇಟ್ಟಿಲ್ಲ? ನಾನು ಮಾತು ತಪ್ಪಿಸಿ ನಿಮ್ಮ ಕೈಗೆ ಶೇಂಗಾ ಉಂಡಿ ಕೊಟ್ಟೆ. ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಮದಾಪುರದ ಸಾಲಿಯಲ್ಲಿ ಹತ್ತನೆಯವರೆಗೆ ಕಲಿತವಳ ಬರವಣಿಗೆ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನೀವು ನೋಡದ ನಿಮ್ಮ ಮುತ್ತ್ಯಾ, ನನ್ನ ಮನೆಯವರು, ಶಿವರಾತ್ರಿಗೆ ಮುಂಚೆ ತೀರಿಕೊಂಡರು. ಅದೇ ವರ್ಷ ಮಳೆಗಾಲದ ಹೊತ್ತಿಗೆ ನಮ್ಮ ಅಂಗನವಾಡಿಯ ಚಾವಣಿಯಿಂದ ಸಿಮೆಂಟು ಉದುರತೊಡಗಿತು. ಊರ ಹೆಸರು ಬೇಡ. ತಿಕೋಟಾದಿಂದ ಬಸ್ಸು ಹಿಡಿದು, ಬಬಲೇಶ್ವರದ ಕಡೆಗೆ ಹೋಗುವಾಗ ನಡುವೆ ಇಳಿದು, ದ್ರಾಕ್ಷಿ ತೋಟಗಳ ಪಕ್ಕ ಹತ್ತು ನಿಮಿಷ ನಡೆದರೆ ಸಿಗುವ ಸಣ್ಣ ಊರು. ಅಲ್ಲಿಯ ತಾಯಂದಿರೆಲ್ಲ ಬೆಳಿಗ್ಗೆಯೇ ತೋಟದ ಕೆಲಸಕ್ಕೆ ಹೋಗುವವರು. ಮಕ್ಕಳನ್ನು ಒಂದು ದಿನವೂ ಮನೆಯಲ್ಲಿ ಬಿಡುವಂತಿರಲಿಲ್ಲ. ಹಿರಿಯರು ಸೇರಿ ವಾಡೆ ಎನ್ನುವ ಹಳೆಯ ದೊಡ್ಡಮನೆಯೊಂದರ ಕಾಳು ತುಂಬುವ ಕೋಣೆಯನ್ನು ಬಿಟ್ಟುಕೊಟ್ಟರು.

ಬೀಗ ತೆಗೆದಾಗ ಒಳಗಿನ ಗಾಳಿ ತಣ್ಣಗೆ ಮುಖಕ್ಕೆ ಬಂತು. ಕಲ್ಲಿನ ಗೋಡೆ, ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಗಿಂತಲೂ ದಪ್ಪ. ಮೇಲೆ ತೊಲೆ ಜಂತಿ ಇಲ್ಲ, ಬೋರಲು ಹಾಕಿದ ಬೋಗುಣಿಯಂಥ ಕಮಾನು. ಪೂರ್ವಕ್ಕೆ ಬಾಗಿಲು, ಉತ್ತರಕ್ಕೆ ಒಂದೇ ಕಿಟಕಿ. ಅವೆರಡರ ನಡುವಿನ ಮೂಲೆಯಲ್ಲಿ, ಕುಳಿತ ಮಗುವಿನ ತಲೆಗಿಂತ ಸ್ವಲ್ಪ ಮೇಲೆ, ದೀಪ ಇಡುವ ಗೂಡು. ಅದರೊಳಗೆ ಎಣ್ಣೆಯ ಕಪ್ಪು ಇನ್ನೂ ಇತ್ತು.

ಸಹಾಯಕಿ ನನಗಿಂತ ಹಿರಿಯಳು, ಬಾಯಿ ಜೋರು. ಬಾಗಿಲಲ್ಲೇ ನಿಂತು ಹೇಳಿದಳು: “ಅಕ್ಕೋರ, ಈ ಖೋಲ್ಯಾಗ ಜ್ವಾಳ ಸೈತ ಸುಮ್ನ ಕುಂಡ್ರಂಗಿಲ್ಲ. ನೀವು ಹುಡುಗರನ್ನ ಕುಂಡ್ರಸ್ತೀರಿ.”

ನಾವಿಬ್ಬರೂ ಎರಡು ದಿನ ಗುಡಿಸಿ, ತೊಳೆದು, ಸುಣ್ಣ ಹಚ್ಚಿದೆವು. ಕೋಣೆ ಜೋಡಿಸುವ ಕೆಲಸ ಮೂರನೆಯ ದಿನ ಸುರುವಾಯಿತು. ವಿಜಯಪುರದ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ನಾನು ವಹಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲವಾದರೆ ತನ್ನ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತದೆ. ಹಾಗಾಗಿ ಕಪ್ಪು ಹಲಗೆಯನ್ನು ಪೂರ್ವದ ಗೋಡೆಗೆ, ಬಾಗಿಲಿನ ಬಲಕ್ಕೆ ನಿಲ್ಲಿಸಿದೆ. ಮಕ್ಕಳು ಪೂರ್ವಕ್ಕೆ ಮುಖ ಮಾಡಿದರೆ ಕಿಟಕಿ ಎಡಕ್ಕೆ ಬರುತ್ತಿತ್ತು. ಗೊಂಬೆಗಳು ದಕ್ಷಿಣದ ಗೋಡೆಗೆ. ಕಟ್ಟಿಗೆಯ ಇಟ್ಟಿಗೆಗಳು ಓಡಾಡುವ ದಾರಿಗೆ ಅಡ್ಡ ಬರದಂತೆ ಒಂದು ಬದಿಗೆ. ಗೂಡಿನ ಕೆಳಗೆ ಗಾಳಿ ಬೆಳಕು ಎರಡೂ ಇದ್ದುದರಿಂದ ಅಲ್ಲಿ ಚಾಪೆ ಹಾಸಿ ಕಥೆ ಹೇಳುವ ಜಾಗ ಮಾಡಿದೆ. ಊಟವಾದ ಮೇಲೆ ಮಕ್ಕಳು ಮಲಗುವುದೂ ಅಲ್ಲೇ.

ಚಿತ್ರಗಳನ್ನು ಹಚ್ಚುವಾಗ ಮೊದಲ ತಪ್ಪು ಮಾಡಿದೆ. ನನ್ನ ಕಣ್ಣಿನ ಮಟ್ಟಕ್ಕೆ ಅಂಟಿಸಿದ್ದೆ.

“ಇವನ್ನ ಯಾರಿಗಿ ತೋರ್ಸಾಕ ಹಚ್ಚೀರಿ? ಸೂಪರ್‌ವೈಜರ್ ಬಾಯಾರಿಗೇನು?” ಎಂದಳು ಸಹಾಯಕಿ.

ಎಲ್ಲವನ್ನೂ ಕಿತ್ತೆ. ನಮ್ಮಲ್ಲಿಯ ಐದು ವರ್ಷದ ಒಬ್ಬ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ, ಅವಳ ಕಣ್ಣಿನ ಮಟ್ಟಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಮತ್ತೆ ಅಂಟಿಸಿದೆ. ಹಸಿರು ರಿಬ್ಬನ್ನಿನ ಜಡೆಯ ಹುಡುಗಿ ಅವಳು. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿದು ನಿಂತಿದ್ದಳು.

ಪಾಟಿಗಳನ್ನು ಒರೆಸಿ ಜೋಡಿಸುವಾಗ ಮಾತ್ರ ನನ್ನ ಕೈ ನಿಂತಿತು. ಪಾಟಿ ಅಂದರೆ ನೀವು ಸ್ಲೇಟು ಅನ್ನುತ್ತೀರಲ್ಲ, ಅದೇ. ನಾನು ಮದುವೆಯಾಗಿ ಬಂದಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ನನ್ನ ಸಾಲಿಯ ಪಾಟಿ ಇತ್ತು. ನಿಮ್ಮ ಮುತ್ತ್ಯಾ ಅದನ್ನು ನೋಡಿ ನಕ್ಕು, ನನಗೆ ಅದೇ ಹೆಸರಿಟ್ಟರು. “ಏ ಪಾಟಿ, ಚಾ ಮಾಡು.” ಇಬ್ಬರೇ ಇದ್ದಾಗ ಕರೆಯುವ ಹೆಸರು. ನಿಮ್ಮ ಅಪ್ಪನಿಗೂ ಗೊತ್ತಿಲ್ಲ.

ಕೊನೆಗೆ ಉಳಿದದ್ದು ಕಬ್ಬಿಣದ ಕಪಾಟು. ಅದನ್ನು ಗೋಡೆಗೆ ಒತ್ತಿ ಇಡಬೇಕು, ಕೋಣೆಯಲ್ಲಿ ಕಣ್ಣಿಗೆ ಬೀಳದ ಜಾಗ ಇರಕೂಡದು, ಕಲಿಸುವವಳು ಮಕ್ಕಳಿಗೆ ಯಾವಾಗಲೂ ಕಾಣುತ್ತಿರಬೇಕು ಎಂದು ವಹಿಯಲ್ಲಿ ನನ್ನ ಕೈಯಿಂದಲೇ ಬರೆದಿತ್ತು. ನಾನು ಹಾಗೆ ಮಾಡಲಿಲ್ಲ. ಬಾಗಿಲಿನಿಂದ ಬಹಳ ದೂರದ ನೈರುತ್ಯ ಮೂಲೆಗೆ ಕಪಾಟನ್ನು ಓರೆಯಾಗಿ ನಿಲ್ಲಿಸಿ, ಅದರ ಹಿಂದೆ ಒಂದು ಸ್ಟೂಲು ಇಟ್ಟುಕೊಂಡೆ.

ಯಾಕೆಂದರೆ, ನಿಮ್ಮ ಮುತ್ತ್ಯಾ ಹೋದಾಗ ನಮ್ಮ ಮನೆಯ ಪದ್ಧತಿಯಂತೆ ನನ್ನನ್ನು ಮೂಲೆಯಲ್ಲಿ ಕೂಡ್ರಿಸಿದ್ದರು. ಬಂದವರು ಅಲ್ಲಿಗೇ ಬಂದು ಅತ್ತು ಹೋಗುತ್ತಿದ್ದರು. ದಿನಗಳು ಮುಗಿದ ಮೇಲೆ ಎದ್ದು ಹೊರಗೆ ಬಾ ಎಂದರು. ಎದ್ದೆ, ಬಸ್ಸು ಹತ್ತಿದೆ, ಕೆಲಸಕ್ಕೂ ಬಂದೆ. ಆದರೆ ಬೆನ್ನಿಗೆ ಎರಡು ಗೋಡೆ ಇಲ್ಲದೆ ಕೂತರೆ ನನಗೆ ಉಸಿರು ಸಿಗುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ನನ್ನ ಖಾಲಿ ಹಣೆಯನ್ನೇ ನೋಡುತ್ತಾರೆ ಅನಿಸುತ್ತಿತ್ತು. ಮಧ್ಯಾಹ್ನ ಮಕ್ಕಳು ಮಲಗಿ, ಸಹಾಯಕಿ ಹೊರಗೆ ಪಾತ್ರೆ ತೊಳೆಯುವ ಅರ್ಧ ತಾಸು ನಾನು ಆ ಕಪಾಟಿನ ಹಿಂದೆ ಕೂತು ರಿಜಿಸ್ಟರು ತುಂಬುತ್ತಿದ್ದೆ. ಮನಸ್ಸನ್ನೂ ಹಗುರ ಮಾಡಿಕೊಳ್ಳುತ್ತಿದ್ದೆ.

ಮೊದಲ ವಾರ ನನಗೆ ಹೆಮ್ಮೆಯೇ ಆಗಿತ್ತು. ಹಳೆಯ ಕಟ್ಟಡದಲ್ಲಿ ಊಟದ ನಂತರ ಮಕ್ಕಳನ್ನು ಮಲಗಿಸುವುದೆಂದರೆ ಯುದ್ಧ. ಇಲ್ಲಿ ಇಪ್ಪತ್ತೆರಡು ಮಕ್ಕಳು ಒಂದು ಸದ್ದೂ ಇಲ್ಲದೆ ಮಲಗಿರುತ್ತಿದ್ದರು. ಒಂದು ದಿನ ಕಪಾಟಿನ ಸಂದಿಯಿಂದ ಬಗ್ಗಿ ನೋಡಿದೆ. ಯಾರೂ ನಿದ್ದೆ ಮಾಡಿರಲಿಲ್ಲ. ಎಲ್ಲರ ಕಣ್ಣೂ ತೆರೆದಿದ್ದವು, ಎಲ್ಲರೂ ಆ ಗೂಡನ್ನೇ ನೋಡುತ್ತಿದ್ದರು.

ಆಮೇಲೆ ಒಂದೊಂದೇ ಕಾಣತೊಡಗಿತು. ನಾನು ಹಲಗೆಯ ಮೇಲೆ ಬರೆಯುವಾಗ ಎಲ್ಲ ತಲೆಗಳೂ ಒಟ್ಟಿಗೆ ಎಡಕ್ಕೆ ತಿರುಗುತ್ತಿದ್ದವು. ಚಾಪೆಯಲ್ಲಿ ಗೂಡಿನ ಕೆಳಗಿನ ಜಾಗವನ್ನು ಯಾರೂ ಮುಟ್ಟುತ್ತಿರಲಿಲ್ಲ, ಒಂದು ಮಗು ಕೂರುವಷ್ಟು ಖಾಲಿ ಬಿಟ್ಟು ಸುತ್ತ ಕೂರುತ್ತಿದ್ದರು. ಒಂದು ಬೆಳಿಗ್ಗೆ ಗೂಡಿನಲ್ಲಿ ನಾಲ್ಕು ಒಣದ್ರಾಕ್ಷಿ ಸಾಲಾಗಿ ಇದ್ದವು.

“ಇವನ್ನ ಇಲ್ಲಿ ಯಾರು ಇಟ್ಟಾರ?” ಎಂದು ಕೇಳಿದೆ.

ಹಸಿರು ರಿಬ್ಬನ್ನಿನ ಹುಡುಗಿ, “ಆಕಿಗ್ರೀ,” ಎಂದಳು.

“ಯಾರಿಗಿ?”

ಅವಳು ನನ್ನನ್ನೇ ನೋಡಿ, ಉಳಿದ ಮಕ್ಕಳ ಕಡೆಗೆ ಓಡಿಹೋದಳು.

ಮಕ್ಕಳು ಕಡಿಮೆಯಾದರು. ಇಂದು ಇಬ್ಬರು, ನಾಳೆ ಮೂವರು. ಜ್ವರ ಅಂತ ಹೇಳಿ ಕಳಿಸುತ್ತಿದ್ದರು. ಒಂದು ದಿನ ಬಾಗಿಲ ಚೌಕಟ್ಟಿಗೆ ಯಾರೋ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಹೋಗಿದ್ದರು. ಅದೇ ದಿನ ಆ ಹುಡುಗಿಯ ಅಜ್ಜಿ ಬಂದಳು, ಹೊಸ್ತಿಲು ದಾಟಲಿಲ್ಲ.

“ಅಕ್ಕೋರ, ಬ್ಯಾಸರಾ ಮಾಡ್ಕೊಬ್ಯಾಡ್ರಿ. ಗೂಡಿನ್ಯಾಗ ಒಬ್ಬಾಕಿ ಅದಾಳಂತ. ಹುಡುಗರು ಮಲಗಿದ ಕೂಡ್ಲೇ ಅಳಾಕ ಸುರು ಮಾಡ್ತಾಳಂತ.”

“ಏನರೆ ಅಂತಾಳೇನ್ರಿ?”

“ಅದನ್ನ ಬಾಯಾಗ ತರಬಾರದವ್ವಾ,” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

ನಾನು ಅಲ್ಲೇ ಇರುತ್ತಿದ್ದೆನಲ್ಲ, ನನಗೆ ಒಂದು ದಿನವೂ ಯಾವ ಅಳುವೂ ಕೇಳಿರಲಿಲ್ಲ.

ಆ ವಾರವೇ ಸೂಪರ್‌ವೈಜರ್ ಬಾಯಿಯವರು ಬಂದರು. ಕೆಟ್ಟವರಲ್ಲ, ನಿಯಮದ ಮನುಷ್ಯರು. ಏಳು ಮಕ್ಕಳು ಕೂತಿದ್ದವು. ಮೊಬೈಲಿನಲ್ಲಿ ಹಾಜರಿ ನೋಡಿ, ಕೋಣೆಯನ್ನು ಒಂದು ಸುತ್ತು ಹಾಕಿ ಹೇಳಿದರು: “ಪಂಚಮಿ ಹಬ್ಬದೊಳಗ ಹುಡುಗರು ತುಂಬಲಿಲ್ಲಂದ್ರ ಇದನ್ನ ರೋಡಿನಾಚೆ ಇರೂ ಕೇಂದ್ರಕ್ಕ ಸೇರಸ್ತಾರ ನೋಡ್ರಿ. ನನ್ನ ಕೈಯಾಗ ಏನೂ ಇಲ್ಲ.”

ರೋಡು ಅಂದರೆ ಬಬಲೇಶ್ವರದ ದೊಡ್ಡ ರಸ್ತೆ. ಎರಡು ಟ್ರೇಲರು ಕಟ್ಟಿದ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುವ ರಸ್ತೆ. ಮೂರು ವರ್ಷದ ಮಗುವನ್ನು ಅದರಾಚೆ ದಿನಾ ಯಾರು ದಾಟಿಸುತ್ತಾರೆ? ಕೇಂದ್ರ ಮುಚ್ಚಿದ್ದರೆ ತಾಯಂದಿರು ಮಕ್ಕಳನ್ನು ತೋಟಕ್ಕೆ ಒಯ್ದು, ಔಷಧಿ ಹೊಡೆದ ಬಳ್ಳಿಯ ಕೆಳಗೆ ಮಲಗಿಸುತ್ತಿದ್ದರು, ಅಷ್ಟೆ. ನನಗೆ ಬೇರೆ ಊರು ಸಿಗುತ್ತಿತ್ತು. ಆ ಮಕ್ಕಳಿಗೆ ಬೇರೆ ಕೋಣೆ ಇರಲಿಲ್ಲ.

ನಾನು ಕೋಣೆಯನ್ನು ಮತ್ತೆ ಮತ್ತೆ ಜೋಡಿಸಿದೆ. ಗೂಡಿಗೆ ರಟ್ಟು ಹೊಂದಿಸಿ, ಅದರ ಮೇಲೆ ದೊಡ್ಡ ನವಿಲಿನ ಚಿತ್ರ ಅಂಟಿಸಿದೆ. ಮರುದಿನ ಒಂದು ಸಣ್ಣ ಕೂಸು ಬಂದು ನನ್ನ ಸೆರಗು ಹಿಡಿದು, “ನವಿಲು ಅಳಾಕತ್ತೈತ್ರಿ,” ಎಂದಿತು. ಚಿತ್ರ ತೆಗೆದೆ. ಚಾಪೆಯನ್ನು ದಕ್ಷಿಣಕ್ಕೆ ಒಯ್ದೆ. ಅಲ್ಲಿ ಕತ್ತಲು, ಗಾಳಿಯಿಲ್ಲ, ಮಕ್ಕಳು ಬೆವತು ಅತ್ತವು, ಮತ್ತೆ ತಂದು ಗೂಡಿನ ಕೆಳಗೇ ಹಾಸಿದೆ. ಮುಟ್ಟದೆ ಉಳಿದದ್ದು ಕಪಾಟು ಒಂದೇ. ಅದನ್ನು ಸರಿಸುವ ಯೋಚನೆಯೇ ನನಗೆ ಬರಲಿಲ್ಲ.

ಪಂಚಮಿಗೆ ಎಂಟು ದಿನ ಇದ್ದವು. ಮಧ್ಯಾಹ್ನ, ಊಟ ಮುಗಿದಿತ್ತು. ನಾನು ಗೂಡಿನ ಬಳಿ ಮೊಣಕಾಲೂರಿ ಚಾಪೆ ಝಾಡಿಸುತ್ತಿದ್ದೆ. ಬೆನ್ನ ಹಿಂದೆ ಮಕ್ಕಳು ಗೊಂಬೆಗಳೊಂದಿಗಿದ್ದರು. ಆಗ ನನ್ನ ಕಿವಿಯ ಪಕ್ಕದಲ್ಲೇ, ಗೂಡಿನ ಒಳಗಿನಿಂದ, ಪಿಸುದನಿಯೊಂದು ಬಂತು.

“ನನಗ ಸಾಕಾಗೈತ್ರಿ. ನನ್ನೂ ಕರಕೊಂಡು ಹೋಗ್ರಿ.”

ಆಮೇಲೆ ಮೂಗು ಏರಿಸಿದ ಸದ್ದು. ಮತ್ತೆ ಅದೇ ಮಾತು.

ನಾನು ಕೂಗಲಿಲ್ಲ. ಗೂಡಿನ ಕಪ್ಪು ಕಲ್ಲು ನನ್ನ ಮುಖದಿಂದ ಒಂದು ಗೇಣು ದೂರ, ಅದರಲ್ಲಿ ಏನೂ ಇರಲಿಲ್ಲ. ಆದರೆ ಹೆದರಿಕೆಗಿಂತ ಮೊದಲು ಒಂದು ಗುರುತು ಹತ್ತಿತು. ಆ ಮಾತು ನನ್ನದು. ಆ ಮೂಗು ಏರಿಸುವ ರೀತಿಯೂ ನನ್ನದೇ.

ತಿರುಗಿ ನೋಡಿದೆ. ಕಪಾಟಿನ ಕೆಳಗಿನ ಸಂದಿಯಲ್ಲಿ ಎರಡು ಸಣ್ಣ ಕಾಲುಗಳು ಕಾಣುತ್ತಿದ್ದವು. ಹೋಗಿ ನೋಡಿದರೆ ಹಸಿರು ರಿಬ್ಬನ್ನಿನ ಹುಡುಗಿ ನನ್ನ ಸ್ಟೂಲಿನ ಮೇಲೆ, ಗೋಡೆಗೆ ಮುಖ ಮಾಡಿ ಕೂತಿದ್ದಳು.

“ಏನ ಮಾಡಾಕತ್ತೀ?”

“ಆಕಿ ಆಟ ಆಡಾಕತ್ತೇನ್ರಿ.”

ಅವಳನ್ನು ಅಲ್ಲೇ ಕೂಡ್ರಿಸಿ, ಮತ್ತೆ ಪಿಸುಗುಟ್ಟು ಎಂದು ಹೇಳಿ ಗೂಡಿಗೆ ಹೋದೆ. ಸ್ಪಷ್ಟವಾಗಿ ಕೇಳಿತು. ಎರಡು ಹೆಜ್ಜೆ ಈಚೆ ಬಂದೆ, ಏನೂ ಇಲ್ಲ. ಕೋಣೆಯ ನಡುವೆ ನಿಂತೆ, ಅಲ್ಲೂ ಇಲ್ಲ. ಮೂಲೆಯಲ್ಲಿ ಆಡಿದ ಮಾತು ಕಮಾನನ್ನು ಹತ್ತಿ, ಎದುರಿನ ಮೂಲೆಯ ಗೂಡಿಗೆ ಮಾತ್ರ ಇಳಿಯುತ್ತಿತ್ತು. ವಾರಗಟ್ಟಲೆ ನಾನು ಆಡಿದವಳೇ ಹೊರತು ಕೇಳಿದವಳಲ್ಲ. ದಿನಾ ಮಧ್ಯಾಹ್ನ ಆ ಸ್ಟೂಲಿನ ಮೇಲೆ ಕೂತು ನಿಮ್ಮ ಮುತ್ತ್ಯಾನ ಜೊತೆ ಮಾತಾಡಿದ್ದೆಲ್ಲ, ಮಲಗಿದ ಇಪ್ಪತ್ತೆರಡು ಮಕ್ಕಳ ತಲೆಯ ಮೇಲೆ ಬಿದ್ದಿತ್ತು.

ಸಹಾಯಕಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, “ಕಪಾಟು ಸರಿಸಿ ಬಾಯಿ ಮುಚ್ಕೊಂಡು ಇದ್ದುಬಿಡ್ರಿ,” ಎಂದಳು. “ಪೂಜಿ ಮಾಡಿಸೇವಿ, ಹೋತು ಅಂತ ನಾ ಊರಾಗ ಹೇಳ್ತೀನಿ. ನಿಮ್ಮ ದುಃಖಾನ ಮಂದಿ ಬಾಯಾಗ ಯಾಕ ಹಾಕ್ತೀರಿ?”

ಆ ರಾತ್ರಿಯೆಲ್ಲ ಅದೇ ಸರಿ ಅನಿಸಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಬೇರೆ ಅನಿಸಿತು. ಪೂಜೆ ಮಾಡಿಸಿದೆವು ಅಂದರೆ, ಅಲ್ಲಿ ಒಬ್ಬಳು ಇದ್ದಳು ಎಂದು ಒಪ್ಪಿದ ಹಾಗೆ. ಆ ಮಕ್ಕಳು ಹಲಗೆ ಬಿಟ್ಟು ಗೂಡನ್ನೇ ನೋಡುತ್ತ ಬೆಳೆಯುತ್ತಾರೆ. ಇದ್ದವಳು ನಾನು ಎಂದು ನಾನೇ ಹೇಳದ ಹೊರತು ಆ ಕೋಣೆ ಪಾಠಕ್ಕೆ ಬರುವುದಿಲ್ಲ.

ಅದೇ ದಿನ ಸಂಜೆ ಐದಕ್ಕೆ ತಾಯಂದಿರನ್ನು ಕರೆಸಿದೆ. ತೋಟದಿಂದ ನೇರ ಬಂದರು, ಕುಡಿ ಚಿವುಟಿ ಹಸಿರಾದ ಉಗುರುಗಳು, ತಲೆಗೆ ಕಟ್ಟಿದ ಟವೆಲು. ಆ ಅಜ್ಜಿ ಈ ಸಲ ಹೊಸ್ತಿಲು ದಾಟಿದಳು, ಮೊಮ್ಮಗಳ ಕೈ ಬಿಡಲಿಲ್ಲ. ಎಲ್ಲರನ್ನೂ ಮಕ್ಕಳ ಸಮೇತ ಗೂಡಿನ ಸುತ್ತ ನಿಲ್ಲಿಸಿ ನಾನು ಕಪಾಟಿನ ಹಿಂದೆ ಹೋದೆ.

ಅಷ್ಟು ಜನ ಒಟ್ಟಿಗೆ ನನ್ನ ಮಾತಿಗೆ ಕಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಗೋಡೆಗೆ ಹಣೆ ಹಚ್ಚಿ ಕಣ್ಣು ಮುಚ್ಚಿಕೊಂಡೆ.

“ಇಲ್ಲಿ ಅಳಾಕಿ ನಾನೇ ಅದೀನ್ರಿ. ನಮ್ಮ ಮನಿಯವರು ಹೋಗ್ಯಾರ. ಅವರ ಕೂಡ ಮಾತಾಡ್ತಿದ್ನಿ. ನನಗ ಸಾಕಾಗೈತಿ, ನನ್ನೂ ಕರಕೊಂಡು ಹೋಗ್ರಿ ಅಂತಿದ್ನಿ. ಹುಡುಗರಿಗಿ ಕೇಳತೈತಿ ಅಂತ ಗೊತ್ತಿರಲಿಲ್ರಿ. ತಪ್ಪಾಗೈತಿ.”

ಹೊರಗೆ ಬಂದಾಗ ಎಲ್ಲರೂ ನನ್ನನ್ನು ನೋಡುತ್ತಿದ್ದರು. ನೆಲ ನೋಡುತ್ತ ನಿಂತೆ. ಆಗ ಆ ಅಜ್ಜಿ ಮೊಮ್ಮಗಳ ಕೈ ಬಿಟ್ಟು, ನನ್ನ ಪಕ್ಕದಿಂದ ಹಾದು, ಕಪಾಟಿನ ಹಿಂದೆ ಹೋಗಿ ಕೂತಳು. ಗೂಡಿನ ಬಳಿಯಿದ್ದ ಅವಳ ಸೊಸೆ ಒಮ್ಮೆಲೇ ಬೆಚ್ಚಿದಳು.

“ಏನಂದಳು?” ಎಂದು ಉಳಿದವರು ಕೇಳಿದರು.

“ಮುಂಜಾನಿ ರೊಟ್ಟಿ ಸುಟ್ಟು ದನಕ್ಕ ಹಾಕೀದಿ, ನಾ ನೋಡೇನಿ ಅನ್ನಾಕತ್ತಾಳ ನಮ್ಮತ್ತಿ.”

ಹೆಂಗಸರು ನಕ್ಕರು. ಸೊಸೆಯೂ ಬಿಡಲಿಲ್ಲ, ಅತ್ತೆಯನ್ನು ಎಬ್ಬಿಸಿ ತಾನು ಹೋಗಿ ಕೂತು, ಮುಚ್ಚಿಟ್ಟ ಬೆಲ್ಲ ಯಾರು ತಿಂದರೆಂದು ಪಿಸುಗುಟ್ಟಿದಳು. “ಇನ್ನ ವಿಜಾಪುರಕ್ಕ ಹೋಗೂದ ಬ್ಯಾಡ ಬಿಡ್ರಿ, ಗೋಳಗುಮ್ಮಟ ನಮ್ಮೂರಿಗೇ ಬಂತು,” ಎಂದಳು ಇನ್ನೊಬ್ಬಳು. ಮಕ್ಕಳು ಸಾಲು ಹಚ್ಚಿದರು. ಹೋಗುವಾಗ ಅಜ್ಜಿ ನನ್ನ ತೋಳು ಹಿಡಿದು ಸಣ್ಣಗೆ, “ನಾನೂ ಹಿಟ್ಟಿನ ಡಬ್ಬಿ ಮುಂದ ಕುಂತು ಮಾತಾಡ್ತೀನವ್ವಾ. ಅಲ್ಲಿ ಯಾವ ಗೂಡೂ ಇಲ್ಲ, ಪುಣ್ಯಾಕ,” ಎಂದಳು.

ಮರುದಿನ ಕಪಾಟನ್ನು ಗೋಡೆಗೆ ಒತ್ತಿ ಇಟ್ಟೆವು. ಸ್ಟೂಲನ್ನು ಸಹಾಯಕಿಗೆ ಕೊಟ್ಟೆ. ಕೋಣೆಯ ನಡುವೆ, ಬಾಗಿಲಿಗೆ ನೇರವಾಗಿ ನನ್ನ ಚಾಪೆ ಹಾಸಿದೆ. ಮಕ್ಕಳಷ್ಟೇ ಎತ್ತರದಲ್ಲಿ, ಮಕ್ಕಳ ಸುತ್ತಿನಲ್ಲೇ ಒಬ್ಬಳಾಗಿ ಕೂತೆ. ದಾರಿಯಲ್ಲಿ ಹೋಗುವವರು ನೋಡಿದರು. ಮೊದಲ ದಿನ ಬೆನ್ನು ಬೆವತಿತು, ನಾಲ್ಕನೆಯ ದಿನಕ್ಕೆ ಅಷ್ಟಿರಲಿಲ್ಲ. ನೈರುತ್ಯದ ಮೂಲೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟೆ. ಒಬ್ಬರು ಅಲ್ಲಿ ನಿಂತು ಒಂದು ಪ್ರಾಣಿಯ ಹೆಸರು ಪಿಸುಗುಡಬೇಕು, ಗೂಡಿನ ಬಳಿ ಇನ್ನೊಬ್ಬರು ಆ ಚಿತ್ರ ಎತ್ತಿ ತೋರಿಸಬೇಕು. ಸುತ್ತಿನಲ್ಲಿ ಬಾಯಿಯೇ ಬಿಡದ ಮಕ್ಕಳು ಅಲ್ಲಿ ಮಾತಾಡಿದರು. ಅವರ ನಾಚಿಕೆ ನನಗೆ ಗೊತ್ತಿತ್ತು.

ಪಂಚಮಿಯ ಹಿಂದಿನ ದಿನ ಸೂಪರ್‌ವೈಜರ್ ಬಾಯಿಯವರು ಬಂದಾಗ ಹತ್ತೊಂಬತ್ತು ಮಕ್ಕಳು ಕೂತಿದ್ದರು. ಎರಡು ಸಲ ಎಣಿಸಿದರು. “ನಿಮ್ಮ ಜಾಗ ಎಲ್ಲೈತ್ರಿ?” ಎಂದು ಕೇಳಿದರು. ನಾನು ಕೂತಿದ್ದ ಚಾಪೆಯನ್ನು ತೋರಿಸಿದೆ. ಮೊಬೈಲಿನಲ್ಲಿ ಫೋಟೋ ತೆಗೆದು ನನಗೂ ಕಳಿಸಿದರು, ನಿಮ್ಮ ಅವ್ವನ ಮೊಬೈಲಿನಲ್ಲಿ ನೀವು ನೋಡಿದ್ದು ಅದನ್ನೇ. “ಆತು, ಇದು ಇಲ್ಲೇ ಇರ್ಲಿ,” ಎಂದು ಬರೆದುಕೊಂಡು ಹೋದರು.

ಕಥೆ ಇಷ್ಟೇ ಆಗಿದ್ದರೆ ಗೂಡಿನಲ್ಲಿ ನಾನು ಏನಾದರೂ ಇಡುತ್ತಿದ್ದೆ. ಒಂದು ಗಿಳಿಯ ಗೊಂಬೆಯನ್ನು ತಂದೂ ಇದ್ದೆ.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ, ಆ ಗಿಳಿಯನ್ನು ಗೂಡಿನಲ್ಲಿ ಇಡಲು ಹೋದಾಗ ಹಸಿರು ರಿಬ್ಬನ್ನಿನ ಹುಡುಗಿ ಕಟ್ಟಿಗೆಯ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಡುತ್ತ ಅಲ್ಲೇ ಇದ್ದಳು. ಉಳಿದ ಮಕ್ಕಳು ನಿದ್ದೆಯಲ್ಲಿದ್ದರು, ನಿಜವಾದ ನಿದ್ದೆ.

“ಈಗ ಅಂಜಿಕಿ ಹೋತಿಲ್ಲೋ?” ಎಂದೆ. “ಅಳಾಕಿ ನಾನೇ ಅಂತ ಗೊತ್ತಾತಲ್ಲ.”

“ಹೌದ್ರಿ,” ಎಂದಳು, ತಲೆ ಎತ್ತದೆ. “ಮತ್ತ ಆ ಮುತ್ತ್ಯಾ ಯಾರ್ರಿ?”

“ಯಾವ ಮುತ್ತ್ಯಾ?”

“ನೀವು ಅತ್ತಾಗ ಸಮಾಧಾನ ಮಾಡ್ತಿದ್ನಲ್ರಿ. ‘ಏ ಪಾಟಿ, ಸುಮ್ಕಿರು, ಹುಡುಗರು ಕೇಳಾಕತ್ತಾವ’ ಅಂತಿದ್ದ.”

ನಾನು ಅವಳ ಪಕ್ಕ ಕೂತೆ. ಅವಳು ಇಟ್ಟಿಗೆ ಇಡುತ್ತಲೇ ಇದ್ದಳು. ಆ ಸ್ಟೂಲಿನ ಮೇಲೆ ನಾನೇ ಯಾವತ್ತಾದರೂ ಆ ಹೆಸರನ್ನು ಬಾಯಿಬಿಟ್ಟು ಆಡಿದ್ದೆನೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆಡಿರಬಹುದು. ನನಗೆ ನೆನಪಿಲ್ಲ.

ಗಿಳಿಯನ್ನು ಆ ಹುಡುಗಿಗೇ ಕೊಟ್ಟೆ. ಅಂದಿನಿಂದ ಮಕ್ಕಳು ಮಲಗಿದ ಮೇಲೆ ಆ ಕೋಣೆಯಲ್ಲಿ ನಾನು ಒಂದು ಮಾತೂ ಆಡಿಲ್ಲ. ದಿನಕ್ಕೊಮ್ಮೆ, ಸಹಾಯಕಿ ಹೊರಗೆ ಪಾತ್ರೆ ತೊಳೆಯುವ ಹೊತ್ತಿಗೆ, ಚಾಪೆ ಸರಿಮಾಡುವ ನೆಪದಲ್ಲಿ ಗೂಡಿನ ಪಕ್ಕ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತೇನೆ.